ಪಂಚಾಂಗದ ಮೇಲೆ ಗೀಚಡಿ, ಚೀಟಿ ಬೇರೆ ಇಡಿ

ಈಗೀಗ ನಮ್ಮ ಕಡೆ ಮನೆಗಳಲ್ಲಿ ಒಂದು ಹೊಸ ರೂಢಿ ಬೈಂದು. ಬೆಂಗಳೂರಿಂದ ರಜೆಗೆ ಬಂದ ಮಾಣಿ ಟ್ಯಾಂಕಿನ ಮೋಟಾರಿಗೆ ಒಂದು ಸಣ್ಣ ಪೆಟ್ಟಿಗೆ ಕೂರಿಸ್ತ. ಮೊಬೈಲಲ್ಲಿ ಒತ್ತಿರೆ ಮೋಟಾರು ಶುರು, ಅರ್ಧ ಗಂಟೆ ಆದ್ಮೇಲೆ ತನ್ನಷ್ಟಕ್ಕೇ ಬಂದ್. ಒಳ್ಳೇದೇ. ಜಡಿಮಳೆಯಲ್ಲಿ ಕೊಡೆ ಹಿಡ್ಕಂಡು ಬಾವಿಕಟ್ಟೆಗೆ ಓಡದು ತಪ್ತು. ಯನ್ನ ತಕರಾರು ಪೆಟ್ಟಿಗೆ ಮೇಲಲ್ಲ, ಅದರೊಳಗಿನ ಬರಹವನ್ನ ಈ ಹುಡುಗ್ರು ತಿದ್ದುವ ರೀತಿ ಮೇಲೆ.

ಪೆಟ್ಟಿಗೆ ಎಂತ ಮಾಡವು ಹೇಳಿ ಒಳಗೆ ಬರೆದಿಟ್ಟಿದ್ದಕ್ಕೆ ಫರ್ಮ್‌ವೇರ್ ಹೇಳ್ತ. ಆನು ಕಂಡ ಮನೆಗಳಲ್ಲಿ ಹಾಕಿದ್ದು ಟಾಸ್ಮೋಟ. ನೆದರ್ಲೆಂಡ್ಸಿನ ಥಿಯೋ ಅರೆಂಡ್ಸ್ 2016ರ ಜನವರಿಯಲ್ಲಿ ಇದನ್ನ ಶುರು ಮಾಡಿದ. ಓಪನ್ ಸೋರ್ಸ್, ಅಂದ್ರೆ ಯಾರು ಬೇಕಾದ್ರೂ ಓದಕ್ಕು, ತಿದ್ದಕ್ಕು, ದುಡ್ಡಿಲ್ಲೆ. ಎಲ್ಲೆಲ್ಲಿಯವೋ ಸೇರಿ ತಪ್ಪು ಸರಿಮಾಡ್ತಾ ಇರ್ತ, ಹೊಸ ಆವೃತ್ತಿ ಬತ್ತಾ ಇರ್ತು. ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊನ್ನಾವರದವರೆಗೂ ಹರಿತಲ, ಹಂಗೇ ಇದೂ ಮೇಲಿಂದ ಹರಿದು ಬಪ್ಪದು. ನೀರು ಬೇಕಾದವು ತಮ್ಮ ಪೈಪು ಹಾಕವು, ಹೊಳೆಯನ್ನೇ ತಿರುಗಿಸ್ಲಾಗ.

ನಮ್ಮ ಹುಡುಗ್ರು ಮಾಡದು ಎಂತ? ಮೂಲ ಬರಹವನ್ನೇ ತೆಗೆದು, ನಡುವೆ ಎಲ್ಲೋ ಮನೆಯ ವೈಫೈ ಹೆಸರು, ಇನ್ನೆಲ್ಲೋ ಪಾಸ್‌ವರ್ಡು, ಮತ್ತೆಲ್ಲೋ ಅರ್ಧ ಗಂಟೆ ಲೆಕ್ಕ ತುರುಕ್ತ. ಅವತ್ತಿಗೆ ನಡೀತು. ಹೊಸ ಆವೃತ್ತಿ ಬಂದಾಗ ಎರಡೇ ದಾರಿ: ಅಷ್ಟೂ ತಿದ್ದುಪಡಿ ಹುಡುಕಿ ಮತ್ತೆ ಮಾಡವು, ಇಲ್ದಿದ್ರೆ ಹಳೇದರಲ್ಲೇ ಇರವು. ಕೇಳಿರೆ, “ನಡೀತಿದ್ದಲ, ಮುಟ್ಟಡಿ” ಹೇಳ್ತ.

ಮುಟ್ಟದೇ ಇಪ್ಲೆ ನಮ್ಮ ಮಲೆನಾಡು ಬಿಡವಲ! ನೆಂಟರ ಮನೆಯೊಂದರಲ್ಲಿ ಬೇಸಿಗೆ ಕೊನೆಯ ಸಿಡಿಲಿಗೆ ಪೆಟ್ಟಿಗೆ ಸುಟ್ಟು ಹೋತು. ಹೊಸ ಪೆಟ್ಟಿಗೆ ತಂದ. ಯಾವ ಕಡತದಲ್ಲಿ ಯಾವ ಸಾಲು ತಿದ್ದಿದ್ದು ಹೇಳಿ ಮಾಣಿಗೇ ನೆನಪಿಲ್ಲೆ. ಮೂರು ವಾರ ಆ ಮನೆ ಅತ್ತಿಗೆ ಮತ್ತೆ ಕೊಡೆ ಹಿಡ್ಕಂಡು ಬಾವಿಕಟ್ಟೆಗೆ ಓಡಿತು. ಮಾಣಿಗೆ ಅದು ರಜೆಯ ಹವ್ಯಾಸ, ಅತ್ತಿಗೆಗೆ ದಿನಾ ನೀರು.

ಟಾಸ್ಮೋಟ ಬರೆದವಕ್ಕೆ ಇದು ಗೊತ್ತಿತ್ತು. ಅದಕ್ಕೇ ‘ಯೂಸರ್ ಕಾನ್ಫಿಗ್ ಓವರ್‌ರೈಡ್’ ಹೇಳಿ ಒಂದು ಬೇರೆ ಕಡತಕ್ಕೆ ಜಾಗ ಇಟ್ಟಿದ್ದ. ಫರ್ಮ್‌ವೇರ್ ಸಿದ್ಧ ಮಾಡುವಾಗ ಮೂಲ ಬರಹದ ಸೆಟ್ಟಿಂಗು ಮೊದಲು, ಅದರ ಮೇಲೆ ನಮ್ಮ ಈ ಕಡತ. ಎರಡರಲ್ಲಿ ಬೇರೆ ಬೇರೆ ಇದ್ರೆ ನಮ್ಮ ಮಾತೇ ನಡೀತು. ಮೂಲ ಹೊಸದಾದ್ರೂ ನಮ್ಮ ಕಡತ ಹಂಗೇ ಇರ್ತು. ಅರ್ಧ ಗಂಟೆ ಲೆಕ್ಕಕ್ಕಂತೂ ಕಡತವೂ ಬ್ಯಾಡ. ‘ಪಲ್ಸ್‌ಟೈಮ್ 1900’ ಹೇಳಿ ಪೆಟ್ಟಿಗೆಗೆ ಒಂದು ಸಾಲು ಕೊಟ್ರೆ ಸಾಕು. ಅದರಲ್ಲಿ 100 ಕಳೆದ್ರೆ 1800 ಸೆಕೆಂಡು, ಅಂದ್ರೆ ಅರ್ಧ ಗಂಟೆ. ಈ ಒಂದು ಸಾಲಿಗೆ ಮೂಲವನ್ನ ಬಗೆಯದು ಎಂತಕ್ಕೆ?

ನಾವು ಹೆಂಗಸರು ಇದನ್ನ ಎಂದಿಂದಲೋ ಮಾಡ್ತಾ ಬೈಂದ್ಯ. ಮಾವನ ಶ್ರಾದ್ಧದ ತಿಥಿ, ಮಕ್ಕಳ ಹುಟ್ಟಿದ ನಕ್ಷತ್ರ, ದೇವಕಾರ್ಯದ ದಿನ ಎಲ್ಲ ಒಂದು ಚೀಟಿಯಲ್ಲಿ ಬರೆದು ಪಂಚಾಂಗದೊಳಗೆ ಇಡ್ತ್ಯ. ಯುಗಾದಿಗೆ ಹೊಸ ಪಂಚಾಂಗ ಬಂತು, ಚೀಟಿ ಅದರೊಳಗೆ ಹೋತು. ಅಚ್ಚಾದ ಅಕ್ಷರದ ಮೇಲೆಯೇ ಗೀಚಿ ಇಟ್ರೆ ಪ್ರತಿ ವರ್ಷ ಹಳೇ ಪಂಚಾಂಗ ಹುಡುಕವು.

“ಸಣ್ಣ ಪೆಟ್ಟಿಗೆ, ಇದಕ್ಕೆ ಇಷ್ಟು ರಾಮಾಯಣ ಬೇಕಾ?” ಹೇಳುವವು ಇದ್ದ. ಸಣ್ಣದಾದ್ದಕ್ಕೇ ಬೇಕು. ದೊಡ್ಡ ಕಂಪನಿಯಲ್ಲಿ ನೋಡ್ಲೆ ಹತ್ತು ಜನ ಇರ್ತ, ನಮ್ಮನೆಯಲ್ಲಿ ಇಪ್ಪದು ಒಬ್ಬ ಮಾಣಿ, ಅವನೂ ಊರಲ್ಲಿಲ್ಲೆ. ಇನ್ನೊಂದು ಮಾತು: ಪಾಸ್‌ವರ್ಡು ಮೂಲದೊಳಗೆ ಸೇರಿ ಹೋದ್ರೆ, ಆ ಬರಹವನ್ನ ಯಾರಿಗಾದ್ರೂ ಕಳಿಸಿದ ದಿನ ಮನೆ ಬೀಗದಕೈಯನ್ನೂ ಕಳಿಸಿದ ಹಂಗೇ. ಬೇರೆ ಕಡತದಲ್ಲಿದ್ರೆ ಅದೊಂದನ್ನ ಮನೆಯಲ್ಲೇ ಇಟ್ಕಂಬ್ಲಕ್ಕು.

ಹಂಗಾರೆ ಮೂಲವನ್ನ ಯಾವಾಗಲೂ ತಿದ್ಲಾಗ ಹೇಳಿ ಅಲ್ಲ. ಎಲ್ಲರಿಗೂ ಆಪ ತಿದ್ದುಪಡಿ ಆದ್ರೆ ಮೇಲಕ್ಕೇ ಕಳಿಸವು, ಅವು ಒಪ್ಪಿ ಸೇರಿಸ್ಲಿ. ನಮ್ಮ ಕಗಪ ಕೀಲಿಮಣೆ ಹಂಗೇ ಲಿನಕ್ಸ್ ಕಂಪ್ಯೂಟರುಗಳ ಕೀಲಿಮಣೆ ಪಟ್ಟಿಗೆ ಸೇರಿದ್ದು. ಕನ್ನಡ ಬರೆಯವು ಹೇಳುವವು ಈಗ ಪಟ್ಟಿಯಿಂದ ಆರಿಸ್ಕಂಡ್ರೆ ಆತು, ಮನೆಮನೆಯಲ್ಲಿ ತಿದ್ದಕ್ಕು ಹೇಳಿಲ್ಲೆ. ಕನ್ನಡ ಎಲ್ಲರದ್ದು, ಮೇಲೆ ಹೋಗವು. ನಮ್ಮನೆ ವೈಫೈ ಹೆಸರು ನಮ್ಮದು, ಚೀಟಿಯಲ್ಲೇ ಇರವು.

ಅದಕ್ಕೇ ಅಕ್ಕ, ಅತ್ತಿಗೆ, ಚಿಕ್ಕಿ, ಮುಂದಿನ ಸಲ ಮಾಣಿಯೋ ಕೂಸೋ ಪೆಟ್ಟಿಗೆ ಕೂರಿಸ್ಲೆ ಬಂದಾಗ ನಂಗೆ ಇದೆಲ್ಲ ತಿಳಿತಿಲ್ಲೆ ಹೇಳಿ ಒಳಗೆ ಹೋಗಡಿ. ಮೂರೇ ಮಾತು ಕೇಳಿ. ಯಾವ ಆವೃತ್ತಿ ಹಾಕಿದ್ದು? ನಮ್ಮ ತಿದ್ದುಪಡಿ ಯಾವ ಕಡತದಲ್ಲಿದ್ದು? ಅದರ ಒಂದು ಪ್ರತಿ ಮನೆಯಲ್ಲಿ ಎಲ್ಲಿಟ್ಟಿದ್ದು? ಉತ್ತರವನ್ನ ಕಾಗದದಲ್ಲಿ ಬರೆಸಿ ಪಂಚಾಂಗದೊಳಗೆ ಇಡಿ. ಬರೆದು ಕೊಡುವವರೆಗೆ ರಾತ್ರಿ ಬಸ್ಸು ಹತ್ಲೆ ಬಿಡಡಿ.