ಕೈತಪ್ಪಿದ ಬಿಸಿಲು

ನಾಗಸಾಕಿ ಪ್ರಾಂತ್ಯದ ಒಗಾಮಿ ದ್ವೀಪದ ದೀಪಸ್ತಂಭಕ್ಕೆ 1966ರಲ್ಲಿ ಶಾರ್ಪ್ ಕಂಪನಿ ಸೌರಫಲಕ ಕೂರಿಸಿತು. ಸಾಮರ್ಥ್ಯ 225 ವಾಟ್. ಈಗ ಒಂದು ಮನೆಯ ತಾರಸಿಗೆ ಹಾಕಿಸುವ ಒಂದೇ ಫಲಕ ಅದಕ್ಕಿಂತ ಹೆಚ್ಚು ವಿದ್ಯುತ್ ಕೊಡುತ್ತದೆ. ಆದರೆ ಆ ಹೊತ್ತಿಗೆ ಅಷ್ಟು ದೊಡ್ಡ ಸೌರವಿದ್ಯುತ್ ವ್ಯವಸ್ಥೆ ಜಗತ್ತಿನಲ್ಲಿ ಇನ್ನೊಂದಿರಲಿಲ್ಲ. ತಂತಿ ಎಳೆಯಲಾಗದ ಕಡಲ ನಡುವಿನ ಬಂಡೆಯ ಮೇಲೆ, ಉಪ್ಪುಗಾಳಿಗೂ ಚಂಡಮಾರುತಕ್ಕೂ ಮೈಯೊಡ್ಡಿಕೊಂಡು, ಹಗಲು ಹಿಡಿದಿಟ್ಟ ಬಿಸಿಲು ರಾತ್ರಿ ಹಡಗುಗಳಿಗೆ ದಾರಿ ತೋರುತ್ತಿತ್ತು.

ಆ ಬೆಳಕು ಹಚ್ಚಿದ ದೇಶದ ಕೈಯಿಂದ ಸೌರೋದ್ಯಮ ಜಾರಿಹೋಗಿದೆ. ಜಾರಿದ ಬಗೆ ನೋಡಿದರೆ ಆತಂಕವಾಗುತ್ತದೆ, ಏಕೆಂದರೆ ಅದೇ ತಪ್ಪು ಇಂದು ಮತ್ತೆ ನಡೆಯುತ್ತಿದೆ.

1973ರ ತೈಲ ಬಿಕ್ಕಟ್ಟು ಜಪಾನನ್ನು ಬುಡಸಮೇತ ಅಲುಗಾಡಿಸಿತ್ತು. ಒಸಾಕಾದ ಹೊರವಲಯದಲ್ಲಿ ಗೃಹಿಣಿಯರು ಟಾಯ್ಲೆಟ್ ಪೇಪರ್ ಸಿಗದೇ ಹೋದೀತೆಂಬ ಭಯಕ್ಕೆ ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತರು. ತನ್ನ ನೆಲದಲ್ಲಿ ಎಣ್ಣೆಯಿಲ್ಲದ ಸರ್ಕಾರ ಮರುವರ್ಷವೇ ‘ಸನ್‌ಶೈನ್ ಯೋಜನೆ’ ಆರಂಭಿಸಿ ಸೂರ್ಯ, ಭೂಶಾಖ, ಜಲಜನಕಗಳ ಸಂಶೋಧನೆಗೆ ಹಣ ಸುರಿಯಿತು. ಮೂವತ್ತು ವರ್ಷ ಆ ಪಟ್ಟು ಬಿಡಲಿಲ್ಲ. ನಮ್ಮ ಅಂಗಡಿಗಳ ಗಲ್ಲಾಪೆಟ್ಟಿಗೆ ಪಕ್ಕಕ್ಕೆ ಬಂದ, ಬೆಳಕು ಬಿದ್ದರೆ ಸಾಕು ಅಂಕಿ ಮೂಡಿಸುತ್ತಿದ್ದ ಕ್ಯಾಲ್ಕುಲೇಟರ್ ಆ ಹಟದ ಫಲ. 2000ದ ದಶಕದ ನಡುವಿನ ಹೊತ್ತಿಗೆ ಜಗತ್ತಿನ ಸೌರಕೋಶಗಳಲ್ಲಿ ಸುಮಾರು ಅರ್ಧ ಜಪಾನಿನಲ್ಲೇ ತಯಾರಾಗುತ್ತಿದ್ದವು.

ಗೆದ್ದಾಯಿತೆಂದು ಬಗೆದದ್ದೇ ತಪ್ಪಾಯಿತು. 1994ರಿಂದ ಮನೆಗಳಿಗೆ ಕೊಡುತ್ತಿದ್ದ ಸಬ್ಸಿಡಿಯನ್ನು 2005ರ ಹಣಕಾಸು ವರ್ಷಕ್ಕೆ ನಿಲ್ಲಿಸಲಾಯಿತು. ಅದೇ ಹೊತ್ತಿಗೆ ಜರ್ಮನಿ ಖಚಿತ ದರದ ಖರೀದಿ ನೀತಿಯಿಂದ ಮಾರುಕಟ್ಟೆ ಹಿಗ್ಗಿಸುತ್ತಿತ್ತು, ಚೀನಾ ಕಾರ್ಖಾನೆ ಕಟ್ಟುತ್ತಿತ್ತು. ಜಪಾನ್ ಅಂಥ ನೀತಿಯನ್ನು ಪೂರ್ಣವಾಗಿ ತಂದದ್ದು ಫುಕುಶಿಮಾ ಪರಮಾಣು ದುರಂತದ ನಂತರ, 2012ರಲ್ಲಿ. ಅಷ್ಟರಲ್ಲಿ ಕಾಲ ಮೀರಿತ್ತು. 2021ರಲ್ಲಿ ಪ್ಯಾನಾಸೋನಿಕ್, ಮರುವರ್ಷ ಸೋಲಾರ್ ಫ್ರಾಂಟಿಯರ್ ಸೌರಕೋಶಗಳ ತಯಾರಿಕೆಗೆ ತೆರೆ ಎಳೆದವು. ಗಾಳಿಯಂತ್ರದ ಕತೆಯೂ ಬೇರೆಯಲ್ಲ. 2019ರಲ್ಲಿ ಹಿಟಾಚಿ ಅವುಗಳ ತಯಾರಿಕೆ ಬಿಟ್ಟಿತು.

ಚೀನಾದ ಅಗ್ಗದ ಮಾಲೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅದು ಅರ್ಧ ಸತ್ಯ ಮಾತ್ರ. ಉಳಿದರ್ಧ ಕಾಣಬೇಕಾದರೆ ಜಪಾನಿನ ವಿದ್ಯುತ್ ಜಾಲವನ್ನು ನೋಡಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಟೋಕಿಯೊ ಜರ್ಮನ್ ಯಂತ್ರ ತಂದಿತು, ಒಸಾಕಾ ಅಮೆರಿಕದ ಯಂತ್ರ ತಂದಿತು. ಇಂದಿಗೂ ಪೂರ್ವ ಜಪಾನಿನ ವಿದ್ಯುತ್ 50 ಹರ್ಟ್ಸ್, ಪಶ್ಚಿಮದ್ದು 60. ನಡುವೆ ಪರಿವರ್ತಕ ಕೇಂದ್ರಗಳಿಲ್ಲದೆ ಒಂದು ದೀಪವೂ ಆಚೀಚೆ ಉರಿಯದು. 2011ರ ಮಾರ್ಚಿನಲ್ಲಿ, ಫುಕುಶಿಮಾ ದುರಂತದ ಬೆನ್ನಿಗೆ, ಟೋಕಿಯೊ ಸುತ್ತಮುತ್ತ ಸರದಿಯ ಮೇಲೆ ವಿದ್ಯುತ್ ಕಡಿತವಾಗುತ್ತಿದ್ದಾಗ ಪಶ್ಚಿಮದಿಂದ ದಾಟಿಸಬಹುದಾಗಿದ್ದದ್ದು ಸುಮಾರು 10 ಲಕ್ಷ ಕಿಲೋವಾಟ್ ಮಾತ್ರ. ಹತ್ತು ವರ್ಷ ಕಳೆದ ಮೇಲೆ ಅದು 21 ಲಕ್ಷಕ್ಕೆ ಏರಿತು. ಮೂರನೇ ದೊಡ್ಡ ಆರ್ಥಿಕತೆಯಾಗಿದ್ದ ದೇಶಕ್ಕೆ ಇಷ್ಟು ನಿಧಾನ ಭೂಷಣವಲ್ಲ.

2018ರ ಅಕ್ಟೋಬರಿನಿಂದ ಕ್ಯೂಶೂ ದ್ವೀಪದಲ್ಲಿ ವಿದ್ಯುತ್ ಹೆಚ್ಚಾದ ದಿನ ಸೌರ ಘಟಕಗಳಿಗೆ ‘ನಿಲ್ಲಿಸಿ’ ಎಂಬ ಆದೇಶ ಹೋಗತೊಡಗಿತು. ನಿಯಮದ ಪ್ರಕಾರ ಮೊದಲು ಉಷ್ಣ ಸ್ಥಾವರಗಳನ್ನು ತಗ್ಗಿಸಬೇಕು, ಆಮೇಲೆ ಸೌರ ಮತ್ತು ಗಾಳಿಯದು. ಪರಮಾಣು ಸ್ಥಾವರದ ಸರದಿ ಕೊನೆಗೆ. ಬಿಸಿಲು ಧಾರಾಳವಾಗಿರುವ ದಿನವೇ ಅದನ್ನು ಚೆಲ್ಲುವುದು ಇಲ್ಲಿ ವಾಡಿಕೆಯಾಗಿದೆ.

ಬಿಸಿಲು ಚೆಲ್ಲುವ ದೇಶ ಕಲ್ಲಿದ್ದಲನ್ನು ಮಾತ್ರ ಬಿಟ್ಟಿಲ್ಲ. ಐಚಿ ಪ್ರಾಂತ್ಯದ ಹೆಕಿನಾನ್‌ನಲ್ಲಿ ಜಪಾನಿನ ಅತಿದೊಡ್ಡ ಕಲ್ಲಿದ್ದಲು ಸ್ಥಾವರವಿದೆ. 2024ರಲ್ಲಿ ಜೆರಾ ಕಂಪನಿ ಅಲ್ಲಿನ ಒಂದು ಘಟಕದಲ್ಲಿ ಕಲ್ಲಿದ್ದಲಿನ ಜೊತೆ ಶೇ 20ರಷ್ಟು ಅಮೋನಿಯ ಉರಿಸಿ ನೋಡಿತು. ನಮ್ಮ ರೈತರು ಬಲ್ಲ ಯೂರಿಯಾದ ಮೂಲವಸ್ತು ಇದೇ ಅಮೋನಿಯ. ಉರಿದರೆ ಇಂಗಾಲ ಬಿಡುವುದಿಲ್ಲ, ನಿಜ. ಆದರೆ ಇಂದು ಜಗತ್ತಿನಲ್ಲಿ ಅಮೋನಿಯ ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಆಗುತ್ತದೆ. ಇಲ್ಲಿ ಉಳಿಸಿದ ಹೊಗೆ ಅಲ್ಲಿ ಹೊರಬೀಳುತ್ತದೆ, ಉಳಿದ ಶೇ 80 ಕಲ್ಲಿದ್ದಲೇ. ಮುದಿ ಬಾಯ್ಲರಿನ ಆಯುಷ್ಯ ಹೆಚ್ಚಿಸಲು ಇಷ್ಟು ಬುದ್ಧಿ, ಇಷ್ಟು ಹಣ! ಗುಜರಾತಿನ ಮುಂದ್ರಾ ಸ್ಥಾವರದಲ್ಲೂ ಇದೇ ಶೇ 20ರ ಸಾಧ್ಯತೆ ಅಧ್ಯಯನ ಮಾಡಲು ಜಪಾನಿನ ಕಂಪನಿಗಳೊಡನೆ 2022ರಲ್ಲಿ ಒಪ್ಪಂದವಾಯಿತು. ಆ ಹಾದಿ ನಮಗೆ ಬೇಡ.

ಹಣದ ಕೊರತೆಯಂತೂ ಇಲ್ಲ. ‘ಹಸಿರು ಪರಿವರ್ತನೆ’ಗೆ ಹತ್ತು ವರ್ಷಗಳಲ್ಲಿ ಸರ್ಕಾರಿ, ಖಾಸಗಿ ಸೇರಿ 150 ಲಕ್ಷ ಕೋಟಿ ಯೆನ್ ಹೂಡಿಕೆ ಎಂದು ಘೋಷಣೆಯಾಗಿದೆ. ಅದರಲ್ಲಿ 20 ಲಕ್ಷ ಕೋಟಿ ಸರ್ಕಾರಿ ಬಾಂಡ್‌ಗಳದು. ಹೊಗೆ ಬಿಡುವವರ ಮೇಲೆ ಹಾಕುವ ಬೆಲೆಯನ್ನು ಮಾತ್ರ ಮುಂದಕ್ಕೆ ಇಡಲಾಗಿದೆ. ಇಂಧನ ಆಮದಿನ ಮೇಲಿನ ಇಂಗಾಲ ಸುಂಕ 2028ಕ್ಕೆ, ವಿದ್ಯುತ್ ಕಂಪನಿಗಳು ಹೊಗೆಯ ಪರವಾನಗಿಯನ್ನು ಹರಾಜಿನಲ್ಲಿ ಕೊಳ್ಳಬೇಕಾದದ್ದು 2033ಕ್ಕೆ. ಬಹುಮಾನ ಇಂದು, ದಂಡ ನಾಳೆ ಎಂದಾದಾಗ ಹಳೆಯ ಉದ್ಯಮ ಅಲುಗುವುದಿಲ್ಲ, ಹೊಸದು ಬೇರೂರುವುದಿಲ್ಲ. 2021ರಲ್ಲಿ ಅತಿ ಕಡಿಮೆ ದರ ಕೂಗಿ ಅಕಿತಾ ಮತ್ತು ಚಿಬಾ ಕಡಲಿನ ಮೂರು ಗಾಳಿ ಯೋಜನೆಗಳನ್ನು ಗೆದ್ದಿದ್ದ ಮಿತ್ಸುಬಿಷಿ ಕಾರ್ಪೊರೇಷನ್, ಖರ್ಚು ಏರಿತೆಂದು 2025ರ ಆಗಸ್ಟಿನಲ್ಲಿ ಮೂರನ್ನೂ ಕೈಬಿಟ್ಟಿತು. ದರವೇ ನಿರ್ಣಾಯಕವಾದ ಹರಾಜಿಗೆ ಆದ ಗತಿ ಇದು.

ಇಷ್ಟೆಲ್ಲದರ ನಡುವೆ ಅದೃಷ್ಟ ಎರಡನೇ ಸಲ ಬಾಗಿಲು ತಟ್ಟಿದೆ. 2009ರಲ್ಲಿ ಯೊಕೊಹಾಮಾದ ತೋಯಿನ್ ವಿಶ್ವವಿದ್ಯಾಲಯದಲ್ಲಿ ತ್ಸುತೋಮು ಮಿಯಾಸಾಕಾ ಅವರ ತಂಡ ಪೆರೋವ್‌ಸ್ಕೈಟ್ ಸೌರಕೋಶವನ್ನು ಮೊದಲು ತೋರಿಸಿತು. ದ್ರಾವಣವನ್ನು ಬಳಿದು ಮಾಡುವ ಈ ಕೋಶವನ್ನು ಪ್ಲಾಸ್ಟಿಕ್ ಹಾಳೆಯ ಮೇಲೂ ಮೂಡಿಸಬಹುದು. ಸುರುಳಿ ಸುತ್ತಬಹುದು, ಭಾರ ತಾಳದ ಚಾವಣಿಗೂ ಕಟ್ಟಡದ ಗೋಡೆಗೂ ಅಂಟಿಸಬಹುದು. ಬೆಟ್ಟಗುಡ್ಡಗಳೇ ತುಂಬಿದ, ಬಯಲು ಕಡಿಮೆಯಿರುವ ದೇಶಕ್ಕೆ ಹೇಳಿ ಮಾಡಿಸಿದ ವಸ್ತು. ಅದಕ್ಕೆ ಬೇಕಾದ ಅಯೋಡಿನ್ ಚಿಬಾದ ನೆಲದಾಳದ ಉಪ್ಪುನೀರಿನಲ್ಲಿದೆ. ಚಿಲಿಯನ್ನು ಬಿಟ್ಟರೆ ಅದನ್ನು ಅತಿ ಹೆಚ್ಚು ತೆಗೆಯುವ ದೇಶ ಜಪಾನೇ.

ಸೆಕಿಸುಯಿ ಕೆಮಿಕಲ್ ಈ ಹಾಳೆ ತಯಾರಿಸಲು ಆರಿಸಿಕೊಂಡಿರುವುದು ಒಸಾಕಾ ಬಳಿಯ ಸಕಾಯಿಯಲ್ಲಿ ಶಾರ್ಪ್ ಖಾಲಿ ಮಾಡಿದ ಕಾರ್ಖಾನೆ ಕಟ್ಟಡವನ್ನು. ಒಗಾಮಿಯ ದೀಪ ಬೆಳಗಿಸಿದ ಅದೇ ಶಾರ್ಪ್. 2027ಕ್ಕೆ ವರ್ಷಕ್ಕೆ 100 ಮೆಗಾವಾಟ್ ಎಂಬುದು ಗುರಿ. ಚೀನಾದಲ್ಲಿ ಅದರ ಹತ್ತು ಪಟ್ಟು ಸಾಮರ್ಥ್ಯದ ಪೆರೋವ್‌ಸ್ಕೈಟ್ ಕಾರ್ಖಾನೆಗಳು ಈಗಾಗಲೇ ಎದ್ದಿವೆ. 2040ಕ್ಕೆ 20 ಗಿಗಾವಾಟ್ ಎಂದು ಟೋಕಿಯೊ ಬರೆದಿಟ್ಟಿದೆ. ಶಾಲೆ, ರೈಲು ನಿಲ್ದಾಣ, ಪುರಭವನಗಳ ಗೋಡೆಗಳಿಗೆ ಸರ್ಕಾರ ತಾನೇ ಗಿರಾಕಿಯಾಗಿ ದೊಡ್ಡ ಆರ್ಡರ್ ಕೊಡಬೇಕು, ಅದೂ ಈ ವರ್ಷವೇ. ಸಕಾಯಿಯ ಆ ಕಟ್ಟಡ ಇನ್ನೊಮ್ಮೆ ಖಾಲಿಯಾಗಬಾರದು.