ತಿದ್ದಿ ಬರೆದವರಿಗೇ ಪದವಿ

ಎಲ್ಲ ವಿಷಯಗಳಲ್ಲೂ ಒಳ್ಳೆಯ ಅಂಕ ಗಳಿಸಿದ ವಿದ್ಯಾರ್ಥಿಗೆ ಪದವಿ ತಪ್ಪುವುದುಂಟೇ? ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಉಂಟು. ಸ್ಪಷ್ಟವಾಗಿ, ತರ್ಕಬದ್ಧವಾಗಿ ಬರೆಯಬಲ್ಲೆನೆಂದು ತೋರಿಸಿಕೊಡದವರಿಗೆ ಅಲ್ಲಿ ಪದವಿ ಸಿಗುವುದಿಲ್ಲ.

20ಕ್ಕೂ ಹೆಚ್ಚು ಕ್ಯಾಂಪಸ್‌ಗಳಿರುವ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಇಂತಹ ನಿಯಮವನ್ನು 1976ರಲ್ಲೇ ಮಾಡಿತು. ಕರ್ನಾಟಕದ ಎಂಜಿನಿಯರಿಂಗ್ ಪದವೀಧರರು ಎಂ.ಎಸ್. ಓದಲು ಹೋಗುವ ಸ್ಯಾನ್ ಹೋಸೆ ಕ್ಯಾಂಪಸ್ ಸಹ ಇದಕ್ಕೆ ಸೇರಿದ್ದು. ಮೊದಲು ಬಹುತೇಕ ವಿದ್ಯಾರ್ಥಿಗಳು ನಿಗದಿತ ಅವಧಿಯ ಪ್ರಬಂಧ ಪರೀಕ್ಷೆ ಬರೆದು ಈ ಷರತ್ತನ್ನು ಪೂರೈಸುತ್ತಿದ್ದರು. ಈಗ ಒಲವು ಹೆಚ್ಚಾಗಿ ಒಂದು ಸೆಮಿಸ್ಟರಿನ ಬರವಣಿಗೆ ಕೋರ್ಸಿನ ಕಡೆಗಿದೆ. ಇಂತಹ ಅನೇಕ ಕೋರ್ಸುಗಳಿಗೆ ಅಂತರ್ಜಾಲದ ನೆರವು ಇರುತ್ತದೆ.

ಅಂತರ್ಜಾಲದ ನೆರವು ಎಂದೊಡನೆ ತರಗತಿ ಇಲ್ಲವೆಂದು ತಿಳಿಯಬಾರದು. ವಾರಕ್ಕೆ ಒಂದೆರಡು ಬಾರಿ ಅಧ್ಯಾಪಕರ ಮುಂದೆ ಕುಳಿತುಕೊಳ್ಳಲೇಬೇಕು. ಉಳಿದ ಕೆಲಸವೆಲ್ಲ ಕ್ಯಾನ್ವಾಸ್‌ನಂತಹ ತಾಣದಲ್ಲಿ ನಡೆಯುತ್ತದೆ. ಓದಬೇಕಾದ ಲೇಖನ, ಬರೆಯಬೇಕಾದ ವಿಷಯ, ಯಾವ ಗುಣಕ್ಕೆ ಎಷ್ಟು ಅಂಕ ಎಂಬ ಪಟ್ಟಿ ಎಲ್ಲವೂ ಅಲ್ಲಿರುತ್ತವೆ. ಗಡುವು ರಾತ್ರಿ 11.59 ಎಂದಿದ್ದರೆ 12 ಗಂಟೆಗೆ ಕಳಿಸಿದ್ದು ತಡವಾದಂತೆಯೇ.

ಕೋರ್ಸಿನ ಜೀವಾಳ ಇರುವುದು ಕರಡಿನಲ್ಲಿ. ವಿದ್ಯಾರ್ಥಿ ಮೊದಲ ಕರಡನ್ನು ತಾಣಕ್ಕೆ ಏರಿಸುತ್ತಾನೆ. ಇಬ್ಬರೋ ಮೂವರೋ ಸಹಪಾಠಿಗಳು ಅದನ್ನು ಓದಿ ಅಭಿಪ್ರಾಯ ಬರೆಯುತ್ತಾರೆ. ಅವನೂ ಅವರ ಕರಡುಗಳನ್ನು ಓದಿ ಬರೆಯಬೇಕು. ಅನಂತರ ಅಧ್ಯಾಪಕರ ಟಿಪ್ಪಣಿ, ಎರಡನೆಯ ಕರಡು, ಮತ್ತೆ ತಿದ್ದುಪಡಿ. ಕೊನೆಯಲ್ಲಿ ಪ್ರಬಂಧದ ಜೊತೆಗೆ ಅದು ಬೆಳೆದು ಬಂದ ಬಗೆಯನ್ನೂ ನೋಡುವುದುಂಟು.

ನಮ್ಮ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಗೈಡಿನಿಂದ ಪ್ರಬಂಧವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಂದೇ ಉಸಿರಿಗೆ ಬರೆದು ಅಂಕ ಗಳಿಸಿದ ಅಭ್ಯಾಸ ಅವರದು. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ವ್ಯಾಕರಣಕ್ಕೆ ಹೆದರುತ್ತಾರೆ. ಆದರೆ ಅಧ್ಯಾಪಕರು ಮೊದಲು ಕೇಳುವುದು 'ನಿಮ್ಮ ವಾದವೇನು? ಅದಕ್ಕೆ ಆಧಾರವೇನು?' ಎಂದು. ವ್ಯಾಕರಣದ ತಪ್ಪನ್ನು ತಿದ್ದಬಹುದು. ವಾದವೇ ಇಲ್ಲದ ಪ್ರಬಂಧದಲ್ಲಿ ತಿದ್ದುವುದೇನನ್ನು?

ಇನ್ನೊಂದು ಅಪಾಯ ನಕಲು. ಬೇರೊಬ್ಬರ ನಾಲ್ಕು ಸಾಲುಗಳನ್ನು ಮೂಲ ಹೇಳದೆ ಬಳಸುವುದನ್ನು ಇಲ್ಲಿ ಹಲವರು ತಪ್ಪೆಂದೇ ಎಣಿಸುವುದಿಲ್ಲ. ಅಲ್ಲಿ ಅದು ಕೃತಿಚೌರ್ಯ. ಟರ್ನಿಟಿನ್‌ನಂತಹ ತಂತ್ರಾಂಶ ಹೋಲುವ ಸಾಲುಗಳನ್ನು ಗುರುತಿಸಿ ತೋರಿಸುತ್ತದೆ. ತಪ್ಪು ಸಾಬೀತಾದರೆ ಆ ಪ್ರಬಂಧಕ್ಕೆ ಸೊನ್ನೆ ಬರಬಹುದು, ಕೋರ್ಸಿನಲ್ಲೇ ಅನುತ್ತೀರ್ಣನಾಗಬಹುದು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಚ್ಚರ ಇನ್ನೂ ಹೆಚ್ಚಿದೆ. ಅದರ ಬಳಕೆಗೆ ಎಷ್ಟರಮಟ್ಟಿಗೆ ಅವಕಾಶವಿದೆ ಎಂಬುದು ಕೋರ್ಸಿನಿಂದ ಕೋರ್ಸಿಗೆ ಬೇರೆ. ಮೊದಲ ವಾರವೇ ಕೇಳಿ ತಿಳಿಯುವುದು ಕ್ಷೇಮ. ಅನುಮಾನ ಬಂದಾಗ ಪ್ರಾಮಾಣಿಕ ವಿದ್ಯಾರ್ಥಿಯ ಪರವಾಗಿ ಸಾಕ್ಷಿ ಹೇಳುವುದು ಅವನ ಹಳೆಯ ಕರಡುಗಳೇ. ಅವನ್ನು ಅಳಿಸಬಾರದು.

ಸಿದ್ಧತೆಯನ್ನು ವಿಮಾನ ಹತ್ತುವ ಮೊದಲೇ ಆರಂಭಿಸಬಹುದು. ಪರ್ಡ್ಯೂ ವಿಶ್ವವಿದ್ಯಾಲಯದ ಬರವಣಿಗೆ ಕೇಂದ್ರ 1994ರಿಂದಲೂ ತನ್ನ ಪಾಠಗಳನ್ನು ಅಂತರ್ಜಾಲದಲ್ಲಿ ಒದಗಿಸುತ್ತಿದೆ; ಓದಲು ಶುಲ್ಕವಿಲ್ಲ. ಎಂ.ಎಲ್.ಎ., ಎ.ಪಿ.ಎ. ಪದ್ಧತಿಗಳಲ್ಲಿ ಮೂಲವನ್ನು ಹೇಗೆ ನಮೂದಿಸಬೇಕೆಂಬುದೂ ಅಲ್ಲಿದೆ. ವಾರಕ್ಕೊಂದು ಪುಟ ಬರೆದು, ಎರಡು ದಿನ ಬಿಟ್ಟು ತಾನೇ ಓದಿ, ಗೆಳೆಯನಿಗೂ ತೋರಿಸಿ, ಮತ್ತೆ ಬರೆಯುವ ರೂಢಿ ಮಾಡಿಕೊಂಡರೆ ಅರ್ಧ ದಾರಿ ಕ್ರಮಿಸಿದಂತೆ.

ತಂದೆತಾಯಿಗಳಿಗೂ ಒಂದು ಮಾತು. ದೂರದಿಂದ ಫೋನ್ ಮಾಡಿದ ಮಗಳು 'ಪ್ರಬಂಧ ಮತ್ತೆ ವಾಪಸು ಬಂತಮ್ಮ' ಎಂದರೆ ಗಾಬರಿಯಾಗಬೇಕಿಲ್ಲ. ಅದು ಸೋಲಲ್ಲ; ಕೋರ್ಸು ನಡೆಯುವ ರೀತಿಯೇ ಅದು. ಸ್ಲೇಟಿನ ಮೇಲೆ ಅ, ಆ ಬರೆದುಕೊಟ್ಟು 'ತಿದ್ದು ಮಗಳೇ' ಎಂದು ಅಂದು ಕೂರಿಸಿದವರು ಅವರೇ ಅಲ್ಲವೇ? ಒಂದೇ ಅಕ್ಷರವನ್ನು ಎಷ್ಟು ಸಲ ತಿದ್ದಿದಳೆಂದು ಆಗ ಯಾರೂ ಲೆಕ್ಕವಿಡಲಿಲ್ಲ. ಈಗಲೂ ಇಡಬೇಕಾಗಿಲ್ಲ.