ಡೀಸೆಲ್ಲಿಗೂ ಚಳಿ!

ಮಾಗಿಯ ಬೆಳಗ್ಗೆ ಕೊಬ್ಬರಿ ಎಣ್ಣೆಯ ಶೀಸೆಯನ್ನು ಎಷ್ಟು ಬಗ್ಗಿಸಿದರೂ ಹನಿ ಬೀಳದು. ಬಿಸಿಲಿಗೆ ಇಟ್ಟರೆ ಕರಗೀತು. ಲಡಾಖಿನ ಲಾರಿ ಚಾಲಕನ ಪಾಡೂ ಇದೇ. ಆದರೆ ಗಟ್ಟಿಯಾಗುವುದು ಅವನ ಟ್ಯಾಂಕಿನ ಡೀಸೆಲ್. ಹೊರಗಿನ ಚಳಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ.

ಡೀಸೆಲ್ ಎಂಬುದು ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅವುಗಳಲ್ಲಿ ಉದ್ದನೆಯ ನೇರ ಸರಪಳಿಯಂಥ ಅಣುಗಳು ಚಳಿಗೆ ಮೇಣವಾಗಿ ಬೇರ್ಪಡುತ್ತವೆ. ಅವನ್ನು ಪೂರ್ತಿ ತೆಗೆದುಬಿಡಬಾರದೆ? ತೊಡಕಿರುವುದೇ ಇಲ್ಲಿ. ಎಂಜಿನ್ನಿನಲ್ಲಿ ಸುಲಭವಾಗಿ ಹೊತ್ತಿಕೊಳ್ಳುವುದೂ ಇವೇ ಅಣುಗಳು! ಡೀಸೆಲ್ಲಿನ ಗುಣ ಅಳೆಯುವ ಮಾನಕ್ಕೆ ಹೆಸರು ಕೊಟ್ಟ ಸೀಟೇನ್ ಇದೇ ಕುಲದ್ದು. ಅದರಲ್ಲಿ 16 ಇಂಗಾಲದ ಪರಮಾಣುಗಳು ಸಾಲಾಗಿ ನಿಂತಿವೆ. ಶುದ್ಧ ಸೀಟೇನ್ ಸುಮಾರು 18 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿಯೇ ಅದಕ್ಕೆ ಸಾಕು. ಇತರ ಅಣುಗಳ ನಡುವೆ ಕರಗಿರುವುದರಿಂದ ಡೀಸೆಲ್ಲಿನಲ್ಲಿ ಅದು ಹಾಗಾಗದು.

ಚಳಿ ಏರಿದಂತೆ ಮೊದಲು ಡೀಸೆಲ್ ಮಬ್ಬಾಗುತ್ತದೆ. ಮೇಣದ ಹರಳುಗಳು ಫಿಲ್ಟರಿಗೆ ಮೆತ್ತಿಕೊಳ್ಳುತ್ತವೆ. ಟ್ಯಾಂಕಿನಲ್ಲಿ ಡೀಸೆಲ್ ಇನ್ನೂ ದ್ರವವಾಗಿಯೇ ಇರುತ್ತದೆ, ಎಂಜಿನ್ ಮಾತ್ರ ಹಸಿದು ನಿಲ್ಲುತ್ತದೆ. ಚಳಿ ಇನ್ನೂ ಬಿರುಸಾದರೆ ಟ್ಯಾಂಕಿನಲ್ಲಿರುವುದೂ ಮೊಸರಿನಂತೆ ಹೆಪ್ಪುಗಟ್ಟೀತು.

ಬೆಟ್ಟದ ಸೀಮೆಯ ಚಾಲಕರಿಗೆ ಇದರ ಮದ್ದು ಗೊತ್ತು: ಸೀಮೆಎಣ್ಣೆ ಬೆರೆಸುವುದು. ಆದರೆ ಸೀಮೆಎಣ್ಣೆಗೆ ಜಿಡ್ಡು ಕಡಿಮೆ, ಹೆಚ್ಚಾದರೆ ಪಂಪು ಸವೆಯುತ್ತದೆ. ಟ್ಯಾಂಕಿನ ಕೆಳಗೆ ಬೆಂಕಿ ಹಾಕುವವರೂ ಉಂಟು. ಅದು ಪ್ರಾಣದೊಡನೆ ಆಡುವ ಆಟ. ಫಿಲ್ಟರಿನ ಮೇಲೆ ಬಿಸಿನೀರಿನ ಬಟ್ಟೆ ಹಾಕುವುದೇ ಎಷ್ಟೋ ಮೇಲು.

2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಲಡಾಖಿಗೆಂದೇ ಚಳಿಗಾಲದ ಡೀಸೆಲ್ ಬಿಡುಗಡೆ ಮಾಡಿತು. ಪಾಣಿಪತ್ ಸಂಸ್ಕರಣಾಗಾರದಲ್ಲಿ ತಯಾರಾದ ಇದು ಸೊನ್ನೆಗಿಂತ 33 ಡಿಗ್ರಿ ಕೆಳಗಿಳಿದರೂ ಹರಿಯುತ್ತದೆ. ಮಾಮೂಲಿ ಡೀಸೆಲ್ಲಿಗೆ ಬೆರೆಸುವ ರಾಸಾಯನಿಕಗಳೂ ಇವೆ. ಅವು ಮೇಣವನ್ನು ತಡೆಯುವುದಿಲ್ಲ, ಹರಳು ದೊಡ್ಡದಾಗಿ ಬೆಳೆಯಲು ಬಿಡುವುದಿಲ್ಲ ಅಷ್ಟೆ. ಆದ್ದರಿಂದ ಚಳಿಗೆ ಮುಂಚೆಯೇ ಬೆರೆಸಬೇಕು, ಹೆಪ್ಪುಗಟ್ಟಿದ ಮೇಲೆ ಸುರಿದರೆ ದಂಡ. ರಾತ್ರಿ ಟ್ಯಾಂಕು ತುಂಬಿಸಿಡುವುದೂ ಒಳ್ಳೆಯದು. ಖಾಲಿ ಜಾಗದ ಗಾಳಿಯ ತೇವ ನೀರಾಗಿ ಇಳಿದು, ಬೆಳಗಾಗುವಷ್ಟರಲ್ಲಿ ಕೊಳವೆಯಲ್ಲಿ ಮಂಜುಗಡ್ಡೆ ಕಟ್ಟೀತು.

ಮನೆಯಲ್ಲೇ ಇದನ್ನು ನೋಡಬಹುದು. ಒಂದು ಲೋಟದಲ್ಲಿ ಬರೀ ಕೊಬ್ಬರಿ ಎಣ್ಣೆ, ಇನ್ನೊಂದರಲ್ಲಿ ಅರ್ಧ ಎಳ್ಳೆಣ್ಣೆ ಬೆರೆಸಿದ್ದು. ಎರಡನ್ನೂ ಫ್ರಿಜ್ಜಿನಲ್ಲಿಟ್ಟು, ಯಾವುದು ಮೊದಲು ಮಬ್ಬಾಗುತ್ತದೆಂದು ಹತ್ತು ನಿಮಿಷಕ್ಕೊಮ್ಮೆ ಬರೆದಿಡಿ. ಡೀಸೆಲ್ ಮಾತ್ರ ಅಡಿಗೆಮನೆಗೆ ತರಬೇಡಿ.